ಜನಸಂದಣಿಯೇ ಸಂಪಾದನೆಯಲ್ಲ

ಮಠಗಳ ಆಶ್ರಯದಲ್ಲಿ ಅನ್ನವನ್ನೂ ಅಕ್ಷರವನ್ನೂ ಪಡೆದು ಹೊರಬಂದ ತರುಣರು ಒಂದು ಕಾಲದಲ್ಲಿ ಒಕ್ಕಲುತನ, ಅಧ್ಯಾಪಕ ವೃತ್ತಿ, ಸರಕಾರಿ ನೌಕರಿ, ವ್ಯಾಪಾರ ಇವುಗಳಲ್ಲೊಂದನ್ನು ಅವಲಂಬಿಸುತ್ತಿದ್ದರು. ಇಂದು ಆ ಸಾಲಿಗೆ ಅಂತರ್ಜಾಲದ ಉದ್ಯೋಗಗಳೂ ಸೇರಿವೆ. ಅವುಗಳಲ್ಲೊಂದು ‘ಅಫಿಲಿಯೇಟ್ ಮಾರ್ಕೆಟಿಂಗ್’ ಎಂಬುದು. ಹೆಸರು ಹೊಸದಾದರೂ ಇದರ ಸ್ವರೂಪ ಹಳೆಯದೇ. ಅಡತಿ ಅಂಗಡಿಯವನು ರೈತನ ಮಾಲಿಗೆ ಖರೀದಿದಾರನನ್ನು ಒದಗಿಸಿ ದಲಾಲಿ ಪಡೆಯುವಂತೆ, ಜಾಲತಾಣವುಳ್ಳವನು ತನ್ನ ಬರಹದಲ್ಲಿ ಮಾರಾಟಗಾರನ ಮಳಿಗೆಗೆ ಒಂದು ಕೊಂಡಿಯನ್ನಿಡುತ್ತಾನೆ. ಓದುಗನು ಅದರ ಮೂಲಕ ಹೋಗಿ ವಸ್ತುವನ್ನು ಕೊಂಡರೆ ಬೆಲೆಯ ಒಂದಂಶ ಇವನಿಗೆ ಸಲ್ಲುತ್ತದೆ. ಅಮೆರಿಕದ ಅಮೆಜಾನ್ ಸಂಸ್ಥೆಯು ಪುಸ್ತಕದ ವ್ಯಾಪಾರಿಯಾಗಿದ್ದ ಕಾಲದಲ್ಲಿ, 1996ರಲ್ಲಿಯೇ, ಈ ಪದ್ಧತಿಯನ್ನು ಕೈಗೊಂಡಿತು.

ಈ ಉದ್ಯೋಗಕ್ಕೆ ಇಳಿದವರಲ್ಲಿ ಒಂದು ಭ್ರಮೆ ಬೇರೂರಿದೆ. ತಾಣಕ್ಕೆ ಬರುವವರ ಸಂಖ್ಯೆ ಹತ್ತು ಪಟ್ಟಾದರೆ ಆದಾಯವೂ ಹತ್ತು ಪಟ್ಟಾಗಲೇಬೇಕು ಎಂಬುದೇ ಆ ಭ್ರಮೆ. ತರ್ಕಶಾಸ್ತ್ರವನ್ನು ಓದಿದವರಿಗೆ ಇದರ ದೋಷ ಕೂಡಲೇ ಹೊಳೆಯುತ್ತದೆ. ಹೊಗೆಯಿರುವಲ್ಲಿ ಬೆಂಕಿಯುಂಟು; ಆದರೆ ಬೆಂಕಿಯಿರುವಲ್ಲೆಲ್ಲ ಹೊಗೆಯಿರಬೇಕೆಂದೇನೂ ಇಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿರದು. ಬೆಂಕಿಗೆ ಹಸಿ ಸೌದೆಯ ಸಂಯೋಗವಾದಾಗಲೇ ಹೊಗೆ ಏಳುತ್ತದೆ. ಅದನ್ನು ನೈಯಾಯಿಕರು ‘ಉಪಾಧಿ’ ಎಂದು ಕರೆದರು. ಅಂತೆಯೇ ಆದಾಯವಿರುವಲ್ಲಿ ಜನರ ಆಗಮನವುಂಟು. ಆದರೆ ಜನ ಬಂದಲ್ಲೆಲ್ಲ ಆದಾಯವಿಲ್ಲ. ಇಲ್ಲಿಯ ಉಪಾಧಿ ಯಾವುದೆಂದರೆ, ಬಂದವನ ಮನಸ್ಸಿನಲ್ಲಿರುವ ಕೊಳ್ಳುವ ಸಂಕಲ್ಪ.

ಅಧ್ಯಾಪಕರೆಲ್ಲರಿಗೂ ಪರಿಚಿತವಾದ ನಿದರ್ಶನವೊಂದನ್ನು ತೆಗೆದುಕೊಳ್ಳಬಹುದು. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಅದರ ವಿವರವನ್ನು ತಿಳಿಸುವ ಖಾಸಗಿ ತಾಣವೊಂದಕ್ಕೆ 10,000 ಜನ ನುಗ್ಗಿದರೆಂದು ಭಾವಿಸಲಿ. ಪುಟದ ಅಂಚಿನಲ್ಲಿ ನಿಘಂಟಿನ ಕೊಂಡಿಯೂ ಕೈಗಡಿಯಾರದ ಕೊಂಡಿಯೂ ಇವೆ. ಎದೆ ಡವಗುಟ್ಟುತ್ತಿರುವ ಬಾಲಕನಿಗೆ ಬೇಕಾದುದು ತನ್ನ ಅಂಕಗಳು ಮಾತ್ರ. ನೋಡಿದ, ನಕ್ಕನೋ ಅತ್ತನೋ, ಹೊರಟುಹೋದ. ಕೊಂಡಿಯನ್ನು ಮುಟ್ಟಿದವರು ಹತ್ತು ಜನ. ಕೊಂಡವರು ಒಬ್ಬರೂ ಇಲ್ಲ. ಇನ್ನೊಂದು ತಾಣದಲ್ಲಿ, ಔಷಧ ಸಿಂಪಡಿಸುವ ಬ್ಯಾಟರಿ ಯಂತ್ರಗಳನ್ನು ತಾನೇ ಬಳಸಿ ಗುಣದೋಷಗಳನ್ನು ವಿವರಿಸಿದ ರೈತನ ಬರಹವಿದೆ. ಅದನ್ನು ಓದಿದವರು 200 ಜನ, 3,000 ರೂಪಾಯಿಯ ಯಂತ್ರವನ್ನು ಕೊಂಡವರು ಇಬ್ಬರು. ದಲಾಲಿ ಶೇಕಡಾ 5 ಇದ್ದರೆ 300 ರೂಪಾಯಿ ದೊರೆಯಿತು. ಅಂಕೆಗಳು ಕಲ್ಪಿತವಾದರೂ ನ್ಯಾಯ ಕಲ್ಪಿತವಲ್ಲ.

ಸಿದ್ಧಗಂಗೆಯಲ್ಲಿ ಮಹಾಶಿವರಾತ್ರಿಯ ಕಾಲಕ್ಕೆ ರಥೋತ್ಸವವೂ ನಡೆಯುತ್ತದೆ, ದನಗಳ ಜಾತ್ರೆಯೂ ನೆರೆಯುತ್ತದೆ. ತೇರಿನ ಮುಂದೆ ನಿಂತ ಜನಸಾಗರಕ್ಕೆ ಎತ್ತು ಬೇಕಿಲ್ಲ. ದನದ ಸಾಲಿನಲ್ಲಿ ಹಲ್ಲು ನೋಡಿ, ಸುಳಿ ನೋಡಿ, ನಡಿಗೆ ನೋಡಿ ನಿಧಾನವಾಗಿ ಸುತ್ತುವ ನಾಲ್ವರೇ ವ್ಯಾಪಾರ ಕುದುರಿಸತಕ್ಕವರು. ಜಾಲತಾಣಕ್ಕೆ ಒಮ್ಮೆಲೇ ಬರುವ ಪ್ರವಾಹವು ಬಹುಮಟ್ಟಿಗೆ ತೇರಿನ ಜನ; ಸುದ್ದಿಯ ಕುತೂಹಲದಿಂದ ಬಂದವರು, ಯಾರೋ ಹಂಚಿದ್ದನ್ನು ನೋಡಬಂದವರು.

ಸಂಕಲ್ಪವಿದ್ದು ಬಂದವನಿಂದಲೂ ದಲಾಲಿ ಕೈಸೇರಬೇಕಾದರೆ ಬೇರೆ ತೊಡಕುಗಳಿವೆ. ಅಮೆಜಾನಿನ ಸಾಮಾನ್ಯ ನಿಯಮದಂತೆ, ಕೊಂಡಿಯನ್ನು ಒತ್ತಿದ ಓದುಗನು 24 ಗಂಟೆಗಳೊಳಗೆ ವಸ್ತುವನ್ನು ಬುಟ್ಟಿಗೆ ಹಾಕಬೇಕು. ಮನೆಯವರನ್ನು ಕೇಳಿ ನಾಲ್ಕು ದಿನ ಬಿಟ್ಟು ತಾನಾಗಿಯೇ ಹೋಗಿ ಕೊಂಡರೆ ಬರೆದವನಿಗೆ ಏನೂ ಇಲ್ಲ. ಕೊಂಡ ವಸ್ತುವನ್ನು ಹಿಂದಿರುಗಿಸಿದರೆ ದಲಾಲಿಯೂ ಹಿಂದಿರುಗುತ್ತದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗನು ಬರಹವನ್ನು ಮೆಚ್ಚಿ ಅಲ್ಲಿಯ ಮಳಿಗೆಯಲ್ಲಿ ಕೊಂಡರೆ, ಇಲ್ಲಿಯ ಮಳಿಗೆಗೆ ಇಟ್ಟ ಕೊಂಡಿಗೆ ಅದು ತಾನಾಗಿ ಜಮೆಯಾಗದು. ದರವೂ ದಲ್ಲಾಳಿಯ ಕೈಯಲ್ಲಿಲ್ಲ. 2020ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣಗಳ ದಲಾಲಿಯನ್ನು ಶೇಕಡಾ 8ರಿಂದ 3ಕ್ಕೂ, ದಿನಸಿಯದನ್ನು 5ರಿಂದ 1ಕ್ಕೂ ಇಳಿಸಿತು. ಅಷ್ಟೇ ಜನ ಬಂದು ಅಷ್ಟೇ ಕೊಂಡರೂ ಗಳಿಕೆ ಕುಸಿಯಿತು. ಇಷ್ಟರ ಮೇಲೆ, ಎಣಿಕೆಯ ಪಟ್ಟಿಯಲ್ಲಿ ಕಾಣುವ ಸಂದರ್ಶಕರೆಲ್ಲರೂ ಮನುಷ್ಯರಲ್ಲ. ಜಾಲವನ್ನು ಜಾಲಾಡಲು ಕಳುಹಿಸಿದ ಯಂತ್ರಗಳೂ ಅವರಲ್ಲಿರುತ್ತವೆ. ಯಂತ್ರಕ್ಕೆ ಹಸಿವೂ ಇಲ್ಲ, ಹಣದ ಚೀಲವೂ ಇಲ್ಲ.

ಜನ ಬಂದರೆ ಹೆಸರಾದರೂ ಬಂದೀತಲ್ಲ ಎಂಬ ವಾದವುಂಟು. ಅದರಲ್ಲಿ ಸತ್ಯಾಂಶವಿದೆ. ಬಂದವರಲ್ಲಿ ಕೆಲವರು ಮರಳಿ ಬರುವಂಥ ಸತ್ತ್ವ ಬರಹದಲ್ಲಿದ್ದರೆ ಪ್ರವಾಹ ಇಳಿದ ಮೇಲೂ ಕೆರೆಯಲ್ಲಿ ನೀರು ನಿಲ್ಲುತ್ತದೆ. ಆದರೆ ಸಂಖ್ಯೆಯನ್ನೇ ನಂಬಿ ಕೈಯಲ್ಲಿದ್ದ ನೌಕರಿ ಬಿಟ್ಟವನು, ಸಾಲ ಮಾಡಿ ಸರ್ವರಿನ ಬಾಡಿಗೆ ಹೆಚ್ಚಿಸಿಕೊಂಡವನು, ಮನೆಯಲ್ಲಿ ಕುಳಿತೇ ಲಕ್ಷ ಗಳಿಸುವ ವಿದ್ಯೆ ಕಲಿಸುತ್ತೇವೆಂಬವರಿಗೆ ಶುಲ್ಕ ತೆತ್ತವನು, ಇವರು ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ. ಯೌವನದ ಬೆಲೆಯುಳ್ಳ ವರ್ಷಗಳನ್ನು. ಅದಕ್ಕಿಂತ ದೊಡ್ಡ ಹಾನಿಯೆಂದರೆ, ಬಾರದ ಆದಾಯವನ್ನು ಬರಿಸಲು ಮುಟ್ಟದ ವಸ್ತುವನ್ನು ಮೆಚ್ಚಿ ಬರೆಯುವ ಚಟ. ಸಮಾಜಮಾಧ್ಯಮಗಳಲ್ಲಿ ವಸ್ತುಗಳನ್ನು ಹೊಗಳುವವರು ಮಾರಾಟಗಾರನೊಡನೆ ತಮಗಿರುವ ಆರ್ಥಿಕ ಸಂಬಂಧವನ್ನು ಸ್ಪಷ್ಟವಾಗಿ ತಿಳಿಸತಕ್ಕದ್ದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ಸರಕಾರ ಹೇಳುವ ಮೊದಲೇ ಆತ್ಮಸಾಕ್ಷಿ ಹೇಳಬೇಕಾದ ಮಾತಿದು.

ಶರಣರು ಕಾಯಕವೆಂದು ಕರೆದುದು ಬರಿಯ ದುಡಿಮೆಯನ್ನಲ್ಲ, ಶುದ್ಧವಾದ ದುಡಿಮೆಯನ್ನು. ದಲ್ಲಾಳಿಯ ವೃತ್ತಿಯೂ ಕಾಯಕವಾಗಬಲ್ಲದು. ಕೊಳ್ಳುವವನ ಹಿತವನ್ನು ನೋಡಿ ನಿಜ ಹೇಳಿದರೆ. ಹಾಗೆ ಹೇಳಿದವನಲ್ಲಿಗೆ ಜನ ಸ್ವಲ್ಪವೇ ಬಂದಾರು, ಆದರೆ ಕೊಳ್ಳಲು ಬಂದಾರು, ಮರಳಿಯೂ ಬಂದಾರು. ಆದುದರಿಂದ ಈ ಮಾರ್ಗದಲ್ಲಿ ನಡೆಯಬಯಸುವ ಶಿಷ್ಯರಿಗೆ ಗುರುಗಳು ಎಷ್ಟು ಜನ ಬಂದರೆಂದು ಕೇಳುವ ಬದಲು, ಬಂದವರಲ್ಲಿ ಎಷ್ಟು ಜನರ ಅಗತ್ಯ ಈಡೇರಿತೆಂದು ಕೇಳುವುದು ಲೇಸು. ಶಾಲೆಗಳ ಹಿರಿಮೆಯನ್ನೂ ದಾಖಲಾತಿಯ ಪುಸ್ತಕದಿಂದ ಅಳೆಯದೆ, ಅಲ್ಲಿಂದ ಹೊರಟವರ ಬಾಳಿನಿಂದಲೇ ಅಳೆಯುವುದಲ್ಲವೆ?