ಹಿಂಚಕ್ರದ ಸದ್ದು: ಪತ್ತೆಗೂ ಒಂದು ಬೆಲೆಯಿದೆ

ಮಲೆನಾಡಿನ ವರ್ತಕರ ಲೆಕ್ಕಪುಸ್ತಕದಲ್ಲಿ 'ವಾಹನ ದುರಸ್ತಿ'ಯಷ್ಟು ಸಲೀಸಾಗಿ ಬೆಳೆಯುವ, ಅಷ್ಟೇ ಕಡಿಮೆ ಪರಿಶೀಲನೆಗೆ ಒಳಗಾಗುವ ಖರ್ಚು ಇನ್ನೊಂದಿರಲಾರದು. ಅಡಿಕೆಯ ಧಾರಣೆಯಲ್ಲಿ ಕ್ವಿಂಟಾಲಿಗೆ ನೂರು ರೂಪಾಯಿ ವ್ಯತ್ಯಾಸವಾದರೆ ನಾಲ್ಕು ಮಂಡಿಗಳಿಗೆ ದೂರವಾಣಿ ಮಾಡಿ ವಿಚಾರಿಸುವವರು, ಗ್ಯಾರೇಜಿನಿಂದ ಬಂದ ಬಿಲ್ಲನ್ನು ಮಾತ್ರ ಮಡಚಿ ಕಡತಕ್ಕೆ ಸೇರಿಸಿಬಿಡುತ್ತಾರೆ. ಈ ಬಿಲ್ಲುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದು ದೂರಿದೆ: 'ಹಿಂದುಗಡೆ ಕಟಕಟ ಸದ್ದು'. ಶಾಕ್ ಅಬ್ಸಾರ್ಬರ್ ಬದಲಾಗುತ್ತದೆ, ಸದ್ದು ಉಳಿಯುತ್ತದೆ. ಸ್ಪ್ರಿಂಗ್ ಬದಲಾಗುತ್ತದೆ, ಸದ್ದು ಉಳಿಯುತ್ತದೆ. ಕೊನೆಗೆ ಕೆಲವು ನೂರು ರೂಪಾಯಿಯ ರಬ್ಬರ್ ಬುಶ್ ಒಂದು ಬದಲಾದಾಗ ಸದ್ದು ನಿಲ್ಲುತ್ತದೆ. ಅಷ್ಟರಲ್ಲಿ ಹತ್ತು ಸಾವಿರ ರೂಪಾಯಿ ಕೈಬಿಟ್ಟಿರುತ್ತದೆ.

ಈ ನಷ್ಟಕ್ಕೆ ಗ್ಯಾರೇಜಿನವರನ್ನು ಮಾತ್ರ ದೂರುವುದು ಸುಲಭ, ಆದರೆ ನ್ಯಾಯವಲ್ಲ. ದೋಷವನ್ನು ಪತ್ತೆ ಮಾಡುವ ಕೆಲಸಕ್ಕೆ ಬೆಲೆ ಕೊಡದ ವಾಹನ ಮಾಲೀಕರ ಪಾಲೂ ಇದರಲ್ಲಿ ದೊಡ್ಡದಿದೆ.

ಮಲೆನಾಡಿನ ರಸ್ತೆ, ಮಲೆನಾಡಿನ ಸದ್ದು

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿಯ ಸುತ್ತಲಿನ ಪ್ರದೇಶವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕುವೆಂಪು ಅವರ ಕವಿಮನೆ ಹಾಗೂ ಕವಿಶೈಲವನ್ನು ನೋಡಲು ಬರುವ ಪ್ರವಾಸಿಗರ ಕಾರುಗಳು, ಅಡಿಕೆ ತುಂಬಿಕೊಂಡು ಮಂಡಿಗೆ ಹೋಗುವ ಸಣ್ಣ ಸರಕು ವಾಹನಗಳು, ಅಂಗಡಿಗಳಿಗೆ ದಿನಸಿ ತರುವ ಓಮ್ನಿಗಳು, ತೋಟದ ಮನೆಗಳ ಜೀಪು ಮತ್ತು ಬೊಲೆರೊಗಳು ಒಂದೇ ರಸ್ತೆಯನ್ನು ಹಂಚಿಕೊಳ್ಳುತ್ತವೆ. ಇಲ್ಲಿ ಮನೆಗಳು ಬಯಲುಸೀಮೆಯ ಊರುಗಳಂತೆ ಒತ್ತಾಗಿಲ್ಲ. ಒಂಟಿಮನೆಗಳೇ ಹೆಚ್ಚು. ಡಾಂಬರು ರಸ್ತೆಯಿಂದ ಅಂಗಳ ಮುಟ್ಟುವವರೆಗೆ ಗುಡ್ಡ, ದರೆ, ಮೋರಿ, ಹಳ್ಳಗಳನ್ನು ದಾಟುವ ಮಣ್ಣಿನ ದಾರಿಯಲ್ಲಿ ಪ್ರತಿದಿನ ಹೋಗಿಬರಬೇಕು. ಸಮೀಪದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಸಾಗರ, ಹೊಸನಗರಗಳ ಮಳೆಗಾಲವೂ ಸೌಮ್ಯವಾದುದೇನಲ್ಲ. ಕೆಸರು ಸ್ಪ್ರಿಂಗಿನ ಬುಡದಲ್ಲಿ ಕೂತು ತುಕ್ಕು ಹಿಡಿಸುತ್ತದೆ, ಅದರ ಕಣಗಳು ಬುಶ್ಶಿನ ಸಂದಿಗೆ ಇಳಿದು ಸವೆಸುತ್ತವೆ. ಘಟ್ಟದ ತಿರುವುಗಳಲ್ಲಿ ಭಾರವೆಲ್ಲ ಒಂದು ಬದಿಗೆ ವಾಲುತ್ತದೆ. ಹೀಗಾಗಿ ಹಿಂಬದಿಯ ಸಸ್ಪೆನ್ಷನ್ ಸದ್ದು ಮಾಡುವುದು ಈ ಸೀಮೆಯಲ್ಲಿ ಆಶ್ಚರ್ಯದ ಸಂಗತಿಯಲ್ಲ. ಪತ್ತೆ ಮಾಡದೆಯೇ ಭಾಗಗಳನ್ನು ಬದಲಿಸುವ ರೂಢಿ ಬೆಳೆದಿರುವುದೇ ಚಿಂತೆಯ ವಿಷಯ.

ಪತ್ತೆಯ ಕ್ರಮ

ಹಿಂಬದಿಯ ಸದ್ದನ್ನು ಪತ್ತೆ ಮಾಡುವುದು ಮಂತ್ರವಿದ್ಯೆಯಲ್ಲ. ಜಮಾ-ಖರ್ಚು ತಾಳೆಯಾಗದಿದ್ದಾಗ ಗುಮಾಸ್ತನು ಒಂದೊಂದೇ ಬಾಬ್ತನ್ನು ಪರೀಕ್ಷಿಸಿ ಬದಿಗಿಡುವಂತೆ, ಸುಲಭವಾದುದರಿಂದ ಕಠಿಣವಾದುದರ ಕಡೆಗೆ ಸಾಗುವುದೇ ಇದರ ಸೂತ್ರ.

ಮೊದಲನೆಯದಾಗಿ, ಡಿಕ್ಕಿಯನ್ನು ಪೂರ್ತಿ ಖಾಲಿ ಮಾಡಬೇಕು. ಜಾಕ್, ಪಾನಾ, ಸಡಿಲವಾದ ಸ್ಟೆಪ್ನಿ, ಹಿಂಬಾಗಿಲಿನ ಕೊಂಡಿ, ಹಿಂದಿನ ಸೀಟಿನ ಚಿಲಕ, ಸೈಲೆನ್ಸರನ್ನು ತೂಗಿಸಿದ ರಬ್ಬರು - ಇವುಗಳಲ್ಲಿ ಯಾವುದಾದರೂ ಸಸ್ಪೆನ್ಷನ್ನಿನ ಸದ್ದಿನಂತೆಯೇ ಕೇಳಿಸಬಹುದು. ಈ ಹಂತಕ್ಕೆ ತಗಲುವ ವೆಚ್ಚ ಶೂನ್ಯ.

ಎರಡನೆಯದಾಗಿ, ಸದ್ದು ಯಾವ ಸಂದರ್ಭದಲ್ಲಿ ಬರುತ್ತದೆ ಎಂಬುದನ್ನು ಗಮನಿಸಿ ಬರೆದಿಡಬೇಕು. ನಿಧಾನವಾಗಿ ಹೋಗುವಾಗ ಸಣ್ಣ ಕಲ್ಲುಗಳ ಮೇಲೆಯೇ ಬರುತ್ತಿದ್ದರೆ ಸಡಿಲವಾದ ಬೋಲ್ಟು, ಸವೆದ ಬುಶ್ ಅಥವಾ ಶಾಕ್ ಅಬ್ಸಾರ್ಬರಿನ ಮೇಲ್ತುದಿಯ ಜೋಡಣೆಯ ಕಡೆಗೆ ಅನುಮಾನ ಹೋಗಬೇಕು. ದೊಡ್ಡ ಹಂಪಿನ ಮೇಲೆ, ಅದೂ ಭಾರ ತುಂಬಿದಾಗ ಮಾತ್ರ ಬಂದರೆ ಸಸ್ಪೆನ್ಷನ್ ತಳ ಮುಟ್ಟುತ್ತಿದೆ ಎಂದರ್ಥ. ಆಗ ಸ್ಪ್ರಿಂಗಿನ ಬಲವನ್ನೂ ಹೊರೆಯ ಪ್ರಮಾಣವನ್ನೂ ನೋಡಬೇಕು. ಬ್ರೇಕ್ ಒತ್ತಿದಾಗ ಅಥವಾ ಗಾಡಿ ಹೊರಡುವಾಗ ಒಂದೇ ಒಂದು 'ಟಕ್' ಎಂದರೆ ಆಕ್ಸಲ್ಲನ್ನು ಹಿಡಿದಿರುವ ಬುಶ್ ಇಲ್ಲವೇ ಯು-ಬೋಲ್ಟ್ ಸಡಿಲವಾಗಿರುವ ಸಾಧ್ಯತೆ ಹೆಚ್ಚು. ಖಾಲಿ ರಸ್ತೆಯಲ್ಲಿ, ತೀರಾ ನಿಧಾನವಾಗಿ ಉಬ್ಬುತಗ್ಗಿನ ಮೇಲೆ ಹೋಗುತ್ತ ಹ್ಯಾಂಡ್‌ಬ್ರೇಕನ್ನು ಹಗುರವಾಗಿ ಎಳೆದಾಗ ಸದ್ದು ಮಾಯವಾದರೆ ದೋಷ ಇರುವುದು ಬಹುಶಃ ಬ್ರೇಕಿನ ಭಾಗಗಳಲ್ಲಿ, ಸಸ್ಪೆನ್ಷನ್ನಿನಲ್ಲಲ್ಲ.

ಮೂರನೆಯದಾಗಿ, ಶಾಕ್ ಅಬ್ಸಾರ್ಬರಿನ ವಿಚಾರಣೆ. ಸದ್ದು ಎಂದೊಡನೆ ಮೊದಲ ಆರೋಪ ಇದರ ಮೇಲೆಯೇ ಬೀಳುತ್ತದೆ. ಆದರೆ ಇದು ದುರ್ಬಲಗೊಂಡಾಗ ಗಾಡಿ ತೊಟ್ಟಿಲಿನಂತೆ ತೂಗುವುದು ಮುಖ್ಯ ಲಕ್ಷಣವೇ ಹೊರತು ಕಟಕಟ ಸದ್ದಲ್ಲ. ಗಾಡಿಯ ಹಿಂದಿನ ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟಾಗ ಒಂದೆರಡು ಬಾರಿಗಿಂತ ಹೆಚ್ಚು ಏರಿಳಿದರೆ, ಅಥವಾ ಕೊಳವೆಯ ಮೇಲೆ ಎಣ್ಣೆ ಸೋರಿ ಹರಿದಿದ್ದರೆ, ಬದಲಿಸುವುದು ಸರಿ. ಬದಲಿಸುವಾಗ ಎರಡೂ ಬದಿಯದನ್ನು ಒಟ್ಟಿಗೇ ಬದಲಿಸಬೇಕು. ಈ ಲಕ್ಷಣಗಳಿಲ್ಲದೆ ಸದ್ದು ಮಾತ್ರ ಇದ್ದರೆ, ಅದರ ಮೇಲಿನ ಮತ್ತು ಕೆಳಗಿನ ಜೋಡಣೆಯ ಬೋಲ್ಟು ಮತ್ತು ರಬ್ಬರುಗಳನ್ನು ನೋಡದೆ ಹೊಸದನ್ನು ಹಾಕುವುದು ಹಣ ಪೋಲು.

ನಾಲ್ಕನೆಯದಾಗಿ, ಗಾಡಿಯನ್ನು ಎತ್ತಿ ನೋಡುವ ಕೆಲಸ. ಮುಂದಿನ ಚಕ್ರಗಳಿಗೆ ಅಡ್ಡಗಟ್ಟಿ ಕೊಟ್ಟು, ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದ ನಂತರವೇ ಅಡಿಗೆ ಹೋಗಬೇಕು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಹೋಗುವುದು ಪ್ರಾಣಕ್ಕೆ ಸಂಚಕಾರ. ಪ್ರತಿಯೊಂದು ಬುಶ್ಶನ್ನೂ ಹಾರೆಯಿಂದ ಮೀಟಿ ಸಡಿಲಿಕೆಯನ್ನು ಪರೀಕ್ಷಿಸಬೇಕು. ಕಾಯಿಲ್ ಸ್ಪ್ರಿಂಗಿನ ಕೊನೆಯ ಸುತ್ತು ತುಕ್ಕಿನಿಂದ ತುಂಡಾಗಿದ್ದರೂ ಮೇಲ್ನೋಟಕ್ಕೆ ಕಾಣದು. ಕೆಸರು ತೊಳೆದು ನೋಡಬೇಕು. ಓಮ್ನಿ, ಬೊಲೆರೊ, ಟಾಟಾ ಏಸ್‌ಗಳಂತೆ ಹಿಂದೆ ಕಮಾನು ಪಟ್ಟಿಗಳಿರುವ ವಾಹನಗಳಲ್ಲಿ ಮುರಿದ ಪಟ್ಟಿ, ಸವೆದ ಶಕಲ್ ಬುಶ್, ಸಡಿಲಗೊಂಡ ಯು-ಬೋಲ್ಟ್ ಹಾಗೂ ಪಟ್ಟಿಗಳನ್ನು ಒಟ್ಟುಗೂಡಿಸುವ ಸೆಂಟರ್ ಬೋಲ್ಟ್ ಇವು ನಾಲ್ಕನ್ನೂ ನೋಡಲೇಬೇಕು. ಸೆಂಟರ್ ಬೋಲ್ಟ್ ತುಂಡಾದರೆ ಆಕ್ಸಲ್ ತನ್ನ ಸ್ಥಾನದಿಂದ ಜಾರುತ್ತದೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಹೀಗಾದರೆ ಅದು ದುರಸ್ತಿಯ ಖರ್ಚಿನ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಹೋದ ಸದ್ದು ಮರಳುವುದೇಕೆ?

ಹೊಸ ಬುಶ್ ಹಾಕಿಸಿದ ಕೆಲವೇ ತಿಂಗಳಲ್ಲಿ ಅದೇ ಸದ್ದು ಮರಳಿತೆಂಬ ದೂರು ಸಾಮಾನ್ಯ. 'ಮಾಲು ಕಳಪೆ' ಎಂದು ಅಂಗಡಿಯವರನ್ನು ಬಯ್ಯುವುದೂ ಅಷ್ಟೇ ಸಾಮಾನ್ಯ. ಬಹಳಷ್ಟು ಬಾರಿ ಕಾರಣ ಬೇರೆಯೇ ಇರುತ್ತದೆ. ರಬ್ಬರ್ ಬುಶ್ ತಿರುಚಿಕೊಳ್ಳುವ ಮೂಲಕ ಕೆಲಸ ಮಾಡುವ ವಸ್ತು. ಗಾಡಿ ಎತ್ತರದಲ್ಲಿದ್ದು ಚಕ್ರಗಳು ಕೆಳಗೆ ಜೋತಾಡುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದಲೇ ಬುಶ್ ತಿರುಚಿದ ಸ್ಥಿತಿಯಲ್ಲಿ ಉಳಿಯುತ್ತದೆ, ಬೇಗನೆ ಹರಿಯುತ್ತದೆ. ಗಾಡಿಯ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿತ ಕೊಡಬೇಕು. ಹಾಗೆಯೇ ಯು-ಬೋಲ್ಟುಗಳನ್ನು ಕೆಲವು ನೂರು ಕಿಲೋಮೀಟರು ಓಡಿಸಿದ ಬಳಿಕ ಮತ್ತೊಮ್ಮೆ ಬಿಗಿಸಬೇಕು. ಹತ್ತು ನಿಮಿಷದ ಈ ಕೆಲಸವನ್ನು ಕೇಳಿ ಮಾಡಿಸುವ ಮಾಲೀಕರು ವಿರಳ.

ಹೊರೆಯ ಮಾತನ್ನೂ ಇಲ್ಲಿ ಮರೆಮಾಚಬಾರದು. ಕಂಪನಿ ನಿಗದಿಪಡಿಸಿದ ಭಾರಕ್ಕಿಂತ ಹೆಚ್ಚು ಚೀಲ ಹೇರಿ, ಸ್ಪ್ರಿಂಗ್ ಮುರಿಯಿತೆಂದು ಗೊಣಗುವುದರಲ್ಲಿ ಅರ್ಥವಿಲ್ಲ. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ, 2019ರ ತಿದ್ದುಪಡಿಯಂತೆ, ಅಧಿಕ ಭಾರಕ್ಕೆ 20,000 ರೂ. ದಂಡ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂ. ವಿಧಿಸಲು ಅವಕಾಶವಿದೆ. ಸದ್ದು ಆ ದಂಡಕ್ಕಿಂತ ಮೊದಲು ಬರುವ ನೋಟೀಸು.

ಲೆಕ್ಕದ ಮನೆಯಿಂದ ನೋಡಿದಾಗ

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಒಂದು ಜೋಡಿ ಶಾಕ್ ಅಬ್ಸಾರ್ಬರಿಗೆ ಕೂಲಿಯೂ ಸೇರಿ 6,000 ರೂ., ತಿಂಗಳ ನಂತರ ಸ್ಪ್ರಿಂಗುಗಳಿಗೆ 5,000 ರೂ., ಕೊನೆಗೆ ಸದ್ದನ್ನು ನಿಜವಾಗಿ ನಿಲ್ಲಿಸಿದ ಬುಶ್ಶಿಗೆ 1,400 ರೂ. ಒಟ್ಟು 12,400 ರೂ. ಮೊದಲೇ 500 ರೂ. ಕೊಟ್ಟು ತಪಾಸಣೆ ಮಾಡಿಸಿದ್ದರೆ ಆಗುತ್ತಿದ್ದ ಖರ್ಚು 1,900 ರೂ. ವ್ಯತ್ಯಾಸ 10,500 ರೂ. ಶೇ. 3ರ ನಿವ್ವಳ ಲಾಭದಲ್ಲಿ ದಿನಸಿ ವ್ಯಾಪಾರ ಮಾಡುವವರು ಈ ಮೊತ್ತವನ್ನು ಮರಳಿ ಗಳಿಸಲು ಮೂರೂವರೆ ಲಕ್ಷ ರೂಪಾಯಿಯ ಸರಕು ಮಾರಬೇಕು. ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳ ನಷ್ಟ ಇದರಲ್ಲಿ ಸೇರಿಲ್ಲ.

'ಹೇಗೂ ಖರ್ಚು ತೋರಿಸಬಹುದಲ್ಲ' ಎಂಬ ಸಮಾಧಾನದ ಮಾತು ಕೇಳಿಬರುವುದುಂಟು. ವ್ಯವಹಾರಕ್ಕೆ ಬಳಸುವ ವಾಹನದ ಚಾಲ್ತಿ ದುರಸ್ತಿ ಆದಾಯ ತೆರಿಗೆಯಲ್ಲಿ ಕಳೆಯಬಹುದಾದ ವೆಚ್ಚವೆಂಬುದು ನಿಜ. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ಖರ್ಚು ಮಾತ್ರ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ತರುವ ಖರ್ಚು ಅಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 1961ರ ಕಾಯ್ದೆಯ 31ನೇ ಕಲಮನ್ನು ವಿವರಿಸುತ್ತ ಸ್ಪಷ್ಟಪಡಿಸಿದೆ. ಬುಶ್, ಶಾಕ್ ಅಬ್ಸಾರ್ಬರುಗಳು ವಾಹನವೆಂಬ ಆಸ್ತಿಯ ಬಿಡಿಭಾಗಗಳಾದ್ದರಿಂದ ಇಲ್ಲಿ ತೊಡಕಿಲ್ಲ. ಆದರೆ ಕಳೆಯಬಹುದಾದ ವೆಚ್ಚವೆಂದರೆ ಮರಳಿ ಬರುವ ಹಣವಲ್ಲ. ಉಳಿಯುವುದು ಆ ಮೊತ್ತದ ಮೇಲಿನ ತೆರಿಗೆ ಮಾತ್ರ. ಇನ್ನು ಅಂದಾಜು ಲಾಭದ ಪದ್ಧತಿಯಲ್ಲಿ, ವಹಿವಾಟಿನ ಶೇ. 8 ಅಥವಾ ಶೇ. 6ರ ಲೆಕ್ಕದಲ್ಲಿ ತೆರಿಗೆ ಕಟ್ಟುವ ಸಣ್ಣ ವರ್ತಕರಿಗೆ ಅದೂ ಇಲ್ಲ. ದುರಸ್ತಿಗೆ ಸುರಿದ ಪ್ರತಿ ರೂಪಾಯಿಯೂ ಅವರ ಸ್ವಂತ ಜೇಬಿನದು.

ಜಿಎಸ್‌ಟಿಯ ಸ್ಥಿತಿಯೂ ಇದೇ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದು ಸ್ವಾಗತಾರ್ಹ. ಆದರೆ ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನದ ದುರಸ್ತಿಗೆ ಕೊಟ್ಟ ತೆರಿಗೆಗೆ, ಟ್ಯಾಕ್ಸಿಯಂಥ ಕೆಲವು ಉದ್ಯಮಗಳ ಹೊರತು, ಹೂಡುವಳಿ ತೆರಿಗೆ ಜಮೆ ಸಿಗದು. ಸರಕು ವಾಹನಕ್ಕೆ ಸಿಗುತ್ತದೆ, ಅದೂ ಸರಿಯಾದ ತೆರಿಗೆ ಬಿಲ್ ಇದ್ದಾಗ. ಬಿಳಿ ಚೀಟಿಯಲ್ಲಿ ಬರೆದ ಮೊತ್ತಕ್ಕೆ ಜಮೆಯೂ ಇಲ್ಲ, ಭಾಗ ಬೇಗ ಕೆಟ್ಟರೆ ಕೇಳುವ ಹಕ್ಕಿಗೆ ಆಧಾರವೂ ಇಲ್ಲ.

ನೋಡಿದ್ದಕ್ಕೂ ಕೂಲಿ ಸಲ್ಲಬೇಕು

ಈಗ ಮೂಲ ಪ್ರಶ್ನೆಗೆ ಬರಬಹುದು. ಒಂದು ಗಂಟೆ ಗಾಡಿಯ ಅಡಿಯಲ್ಲಿ ಮಲಗಿ, ಸಡಿಲವಾದ ಒಂದೇ ಬೋಲ್ಟನ್ನು ಪತ್ತೆ ಹಚ್ಚಿ ಬಿಗಿದು ಕೊಟ್ಟ ಪ್ರಾಮಾಣಿಕ ಮೆಕ್ಯಾನಿಕ್ಕಿಗೆ ದೊರೆಯುವುದೆಷ್ಟು? ಐವತ್ತೋ ನೂರೋ ರೂಪಾಯಿ, ಜೊತೆಗೆ 'ಇಷ್ಟಕ್ಕೇ ದುಡ್ಡೇ?' ಎಂಬ ಮಾತು. ಏನನ್ನೂ ನೋಡದೆ ಎರಡು ಶಾಕ್ ಅಬ್ಸಾರ್ಬರ್ ಬದಲಿಸಿದವನಿಗೆ ಕೂಲಿಯೂ ಇದೆ, ಬಿಡಿಭಾಗದ ಮೇಲಿನ ಲಾಭವೂ ಇದೆ. ಯಾವ ಕೆಲಸಕ್ಕೆ ಹಣ ಸಲ್ಲುತ್ತದೆಯೋ ಮಾರುಕಟ್ಟೆಯಲ್ಲಿ ಅದೇ ಬೆಳೆಯುತ್ತದೆ. ವರ್ತಕರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ವೈದ್ಯರ ಸಲಹೆಗೆ, ವಕೀಲರ ಅಭಿಪ್ರಾಯಕ್ಕೆ ಶುಲ್ಕ ಕೊಡುವ ಸಮಾಜ ಮೆಕ್ಯಾನಿಕ್ಕಿನ ತೀರ್ಮಾನ ಮಾತ್ರ ಪುಕ್ಕಟೆಯಾಗಿರಲಿ ಎಂದು ಬಯಸಿದರೆ, ಆ ಶುಲ್ಕ ಅನಗತ್ಯ ಬಿಡಿಭಾಗಗಳ ರೂಪದಲ್ಲಿ ಹತ್ತು ಪಟ್ಟಾಗಿ ವಸೂಲಾಗುತ್ತದೆ.

ಸಣ್ಣ ಊರಿನ ಗ್ಯಾರೇಜುಗಳಲ್ಲಿ ಲಿಫ್ಟ್ ಇಲ್ಲ, ಶುಲ್ಕ ಕೊಟ್ಟರೂ ಪತ್ತೆ ಸರಿಯಾದೀತೆಂಬ ಭರವಸೆಯಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಮೇಲೆ ಹೇಳಿದ ಪರೀಕ್ಷೆಗಳಿಗೆ ಬೇಕಾದುದು ಎರಡು ಭದ್ರ ಸ್ಟ್ಯಾಂಡು, ಒಂದು ಹಾರೆ, ಒಂದು ಬ್ಯಾಟರಿ ದೀಪ ಮತ್ತು ತಾಳ್ಮೆ. ತಾಳ್ಮೆಗೆ ಬೆಲೆ ಸಿಕ್ಕಿದರೆ ಉಳಿದವು ತಾವಾಗಿ ಬರುತ್ತವೆ. 'ಕೆಲಸ ಇಲ್ಲೇ ಮಾಡಿಸಿದರೆ ತಪಾಸಣೆ ಉಚಿತ' ಎಂಬ ಕೊಡುಗೆಯನ್ನು ಮಾತ್ರ ವರ್ತಕರು ನಿರಾಕರಿಸುವುದು ಲೇಸು. ತಪಾಸಣೆಯ ಕೂಲಿಯನ್ನು ಬಿಡಿಭಾಗದ ಲಾಭದಲ್ಲಿ ಮುಳುಗಿಸಿದೊಡನೆ ಹಳೆಯ ದೋಷವೇ ಹಿಂಬಾಗಿಲಿನಿಂದ ಒಳಬರುತ್ತದೆ.

ಆದ್ದರಿಂದ ಸದಸ್ಯ ವರ್ತಕರು ಮೂರು ನಿಯಮಗಳನ್ನು ರೂಢಿಸಿಕೊಳ್ಳುವುದು ಉಚಿತ. ತಪಾಸಣೆಗೆ ಪ್ರತ್ಯೇಕ ಶುಲ್ಕ ಕೊಟ್ಟು, ಯಾವ ಭಾಗ ಏಕೆ ಕೆಟ್ಟಿದೆ ಎಂಬುದನ್ನು ಬರಹದಲ್ಲಿ ಪಡೆಯುವುದು. ಬದಲಿಸಿದ ಹಳೆಯ ಭಾಗವನ್ನು ತಪ್ಪದೆ ಮರಳಿ ಕೇಳುವುದು. ಪ್ರತಿ ವಾಹನಕ್ಕೂ ಒಂದು ಪುಸ್ತಕವಿಟ್ಟು ದಿನಾಂಕ, ಓಡಿದ ಕಿಲೋಮೀಟರು, ದೂರು, ಮಾಡಿದ ಕೆಲಸ ಮತ್ತು ಸದ್ದು ನಿಂತಿತೇ ಇಲ್ಲವೇ ಎಂಬುದನ್ನು ದಾಖಲಿಸುವುದು. ವಾಣಿಜ್ಯ ಸಂಘಗಳು ತಮ್ಮ ವ್ಯಾಪ್ತಿಯ ಗ್ಯಾರೇಜು ಮಾಲೀಕರೊಂದಿಗೆ ಕುಳಿತು ನ್ಯಾಯಯುತವಾದ ತಪಾಸಣಾ ಶುಲ್ಕವೊಂದನ್ನು ಚರ್ಚಿಸುವುದಾದರೆ ಇಬ್ಬರಿಗೂ ಹಿತ. ಮಳೆಗಾಲ ಹಿಡಿಯುವ ಮುನ್ನ, ಮೇ ತಿಂಗಳೊಳಗೆ ಈ ಕೆಲಸ ಆರಂಭವಾದರೆ ಆ ವರ್ಷದ ದುರಸ್ತಿ ಖಾತೆಯಲ್ಲೇ ಅದರ ಫಲ ಕಾಣಿಸಿಕೊಳ್ಳಬಹುದು.