ಶಿರೂರಿನ ಗುಡ್ಡ, ಬೆಳಗಾವಿಯ ಪಡಸಾಲೆ: ದೂರದ ದುರಂತವನ್ನು ನೇರಪ್ರಸಾರದಲ್ಲಿ ನೋಡಬೇಕೇ?

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ಹನ್ನೊಂದು ಜನ ಮಣ್ಣಿನ ಪಾಲೋ ಗಂಗಾವಳಿ ನದಿಯ ಪಾಲೋ ಆದರು. ಅವರಲ್ಲೊಬ್ಬ ಬೆಳಗಾವಿ ಸೀಮೆಯಿಂದ ಕಟ್ಟಿಗೆ ಹೇರಿಕೊಂಡು ಕೋಯಿಕ್ಕೋಡಿಗೆ ಹೊರಟಿದ್ದ ಕೇರಳದ ಲಾರಿ ಚಾಲಕ. ಅವನ ಹುಡುಕಾಟವನ್ನು ಮಲಯಾಳಂ ವಾಹಿನಿಗಳು ನದಿ ದಂಡೆಯಲ್ಲೇ ಬೀಡುಬಿಟ್ಟು ದಿನವಿಡೀ ತೋರಿಸಿದವು. ಆ ದೃಶ್ಯಗಳು ಮೊಬೈಲಿನಿಂದ ಮೊಬೈಲಿಗೆ ಹಾರಿ ಬೆಳಗಾವಿ, ಖಾನಾಪುರದ ಮನೆಗಳಿಗೂ ಬಂದವು. ಹೀಗೆ ಕೂತು ನೋಡುವುದರಿಂದ ಯಾರಿಗಾದರೂ ಒಳ್ಳೆಯದಾಗುತ್ತದೆಯೇ? ಈ ಭಾಗದ ಇಬ್ಬರು ಇಲ್ಲಿ ವಾದಿಸಿದ್ದಾರೆ. ಪರವಾಗಿ ಬರೆದವರು ಖಾನಾಪುರದವರು, ವಿರೋಧವಾಗಿ ಬರೆದವರು ಬೆಳಗಾವಿ ನಗರದವರು.

ಪರ: ನೋಡುವವರಿದ್ದರೆ ಹುಡುಕುವವರು ಕೈಬಿಡುವುದಿಲ್ಲ

ಖಾನಾಪುರದವರಿಗೆ ಆ ಲಾರಿ ಪರಕೀಯವಲ್ಲ. ಲೋಂಡಾ, ರಾಮನಗರದ ದಾರಿಯಲ್ಲಿ ಕಟ್ಟಿಗೆ ಹೇರಿಕೊಂಡ ಲಾರಿಗಳನ್ನು ನಾವು ದಿನಾ ನೋಡುತ್ತೇವೆ. ಅದರ ಚಾಲಕರು ನಮ್ಮ ಹೋಟೆಲ್ಲಿನಲ್ಲಿ ಚಹಾ ಕುಡಿದು, ನಮ್ಮ ಗ್ಯಾರೇಜಿನಲ್ಲಿ ಗಾಳಿ ಹಾಕಿಸಿಕೊಂಡು ಘಟ್ಟ ಇಳಿಯುವವರು. ಆ ಮಳೆಗಾಲದಲ್ಲಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಯಾರು ಬಂದರೂ ಮೊದಲ ಮಾತು "ಲಾರಿ ಸಿಕ್ಕತೇನ್ರೀ?" ಅಂತಲೇ. ಕೇಳುವವನಿಗೆ ಆ ಹುಡುಗನ ಭಾಷೆ ಬರುತ್ತಿರಲಿಲ್ಲ, ಅವನ ಊರು ಯಾವ ದಿಕ್ಕಿಗೆ ಎಂಬುದೂ ಗೊತ್ತಿರಲಿಲ್ಲ. ಆದರೂ ಕೇಳುತ್ತಿದ್ದ. ಇದನ್ನು ಚಟ ಎಂದು ಕರೆಯುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ನೋಡಿದ್ದರಿಂದ ಏನಾಯಿತು ಎಂದು ಕೇಳುವವರು ಆ ಹುಡುಕಾಟದ ದಿನಗಳನ್ನು ನೆನೆಯಲಿ. ಕೆಲಸ ನಿಧಾನವೆಂದು ಮೊದಲ ವಾರದಲ್ಲೇ ಕೇರಳದಲ್ಲಿ ಕೂಗೆದ್ದಿತು. ಜುಲೈ 21ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಶಿರೂರಿಗೆ ಹೋದರು. ಅದೇ ದಿನ ನಮ್ಮ ಬೆಳಗಾವಿಯಿಂದ ಹೊರಟ ಸೇನೆಯ ತುಕಡಿಯೂ ಅಲ್ಲಿಗೆ ಮುಟ್ಟಿತು. ನಿವೃತ್ತ ಮೇಜರ್ ಜನರಲ್ ಎಂ. ಇಂದ್ರಬಾಲನ್ ಅವರ ತಂಡ ಡ್ರೋನ್ ಉಪಕರಣ ಹಿಡಿದು ನೀರಿನಡಿಯ ಲೋಹವನ್ನು ಹುಡುಕಿತು. ಮುಳುಗುಗಾರ ಈಶ್ವರ ಮಲ್ಪೆ ಕೆಸರುಗಟ್ಟಿದ ಸೆಳೆತದಲ್ಲಿ ಮತ್ತೆ ಮತ್ತೆ ಮುಳುಗಿದರು. ಜುಲೈ 28ರಂದು ನದಿಯ ರಭಸಕ್ಕೆ ಕೆಲಸ ನಿಂತಿತು. ಸಾಮಾನ್ಯವಾಗಿ ನಮ್ಮಲ್ಲಿ ಕಡತ ಮುಚ್ಚುವುದು ಇಂಥ ಹೊತ್ತಿನಲ್ಲೇ. ಮುಚ್ಚಲಿಲ್ಲ. ಕೇರಳದ ಮುಖ್ಯಮಂತ್ರಿ ನಮ್ಮ ಮುಖ್ಯಮಂತ್ರಿಗೆ ಪತ್ರ ಬರೆದರು, ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ವಿಚಾರಣೆಗೆ ಬಂತು, ಆಗಸ್ಟಿನಲ್ಲಿ ಮತ್ತೆ ನೀರಿಗಿಳಿದರು, ಸೆಪ್ಟೆಂಬರಿನಲ್ಲಿ ಗೋವಾದಿಂದ ಡ್ರೆಜರ್ ತಂದರು. ಸೆಪ್ಟೆಂಬರ್ 25ರಂದು ಲಾರಿ ಮೇಲೆ ಬಂತು, ಅದರ ಕ್ಯಾಬಿನ್ನಿನಲ್ಲಿ ಅವನೂ ಇದ್ದ. ಮನೆಯವರಿಗೆ ಅಂತ್ಯಸಂಸ್ಕಾರ ಮಾಡಲು ದೇಹವಾದರೂ ದಕ್ಕಿತು. ಲಕ್ಷಾಂತರ ಜನ ಕಣ್ಣು ಕೀಳದೆ ಕೂತಿರದಿದ್ದರೆ ಒಬ್ಬ ಚಾಲಕನಿಗಾಗಿ ಇಷ್ಟು ದಿನ ಇಷ್ಟು ದುಡ್ಡು ಯಾರು ಸುರಿಯುತ್ತಿದ್ದರು?

ನಾವೂ ಒಮ್ಮೆ ಪರದೆಯ ಆಚೆ ಇದ್ದವರೇ. ಮಲಪ್ರಭೆ ಹುಟ್ಟುವುದು ನಮ್ಮ ತಾಲೂಕಿನ ಕಣಕುಂಬಿಯಲ್ಲಿ. 2019ರ ಆಗಸ್ಟಿನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಎಲ್ಲ ಒಟ್ಟಿಗೆ ಉಕ್ಕಿ ಜಿಲ್ಲೆ ಮುಳುಗಿತು. ಬೆಳಗಾವಿ ಸಮೀಪದ ಕಬಲಾಪುರದಲ್ಲಿ ನೀರಿನ ನಡುವೆ ಸಿಕ್ಕಿಬಿದ್ದ ದಂಪತಿಯನ್ನು ಉಳಿಸುವ ಪ್ರಯತ್ನವನ್ನು ಇಡೀ ರಾಜ್ಯ ಉಸಿರು ಬಿಗಿಹಿಡಿದು ನೋಡಿತು. ಅವರು ಬದುಕಿ ಬಂದರು. ನೋಡಿದವರು ಸುಮ್ಮನೆ ಕೂರಲಿಲ್ಲ. ದಕ್ಷಿಣದ ಜಿಲ್ಲೆಗಳಿಂದ ಅಕ್ಕಿ, ಹೊದಿಕೆ, ಔಷಧಿ ತುಂಬಿದ ಲಾರಿಗಳು ಬಂದವು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ರೊಟ್ಟಿ ಬಡಿದು ಕಳಿಸಿದರು. ಅವರಿಗೆ ರಾಮದುರ್ಗವಾಗಲಿ ಗೋಕಾಕವಾಗಲಿ ನೆಂಟರೂರಲ್ಲ. ಅವರು ನಮ್ಮನ್ನು ಕಂಡದ್ದು ಟಿವಿಯಲ್ಲಿ.

ನೋಟ ಎಚ್ಚರಿಕೆಯೂ ಆಗುತ್ತದೆ. 2025ರ ಆಗಸ್ಟ್ 5ರಂದು ಉತ್ತರಾಖಂಡದ ಧರಾಲಿಗೆ ಪ್ರವಾಹ ನುಗ್ಗಿದಾಗ ಎದುರು ಬೆಟ್ಟದ ಜನ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಲೇ ಶಿಳ್ಳೆ ಹೊಡೆದು, ಓಡಿ ಓಡಿ ಎಂದು ಕೂಗುತ್ತಿದ್ದರು. ಆ ಶಿಳ್ಳೆ ಈಗಲೂ ಆ ವಿಡಿಯೊದಲ್ಲಿ ಕೇಳುತ್ತದೆ. ಅದನ್ನು ನೋಡಿದ ಮೇಲೆ ಘಟ್ಟದ ಹಳ್ಳದ ಪಕ್ಕ ಮನೆ ಕಟ್ಟುವವನು ಎರಡು ಸಲ ಯೋಚಿಸುತ್ತಾನೆ. ಭೂಗೋಳದ ಪುಸ್ತಕ ಇಷ್ಟು ಕಲಿಸುವುದಿಲ್ಲ.

ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದರನ್ನು ಮರೆಯಲಾದೀತೇ? 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರು ದಿನ ಕಳೆದ ಮೇಲೆ ಇವರೊಬ್ಬರು ಉಸಿರಾಡುತ್ತಾ ಸಿಕ್ಕಾಗ ಈ ಭಾಗದ ಗುಡಿ, ಮಠ, ದರ್ಗಾಗಳಲ್ಲಿ ಜನ ಕೈಮುಗಿದು ನಿಂತರು. ಫೆಬ್ರುವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆ ಕಾಯುವಿಕೆಯಿಂದ ಫಲ ಸಿಗಲಿಲ್ಲ ನಿಜ. ಆದರೆ ತನ್ನ ಸೀಮೆಯ ಮಗನಿಗಾಗಿ ಜನ ಒಟ್ಟಾಗಿ ಕಾಯದೆ ಇರುವ ಊರಿನಲ್ಲಿ ನಾನು ಬಾಳಲಾರೆ.

ವಿರೋಧ: ಕ್ಯಾಮೆರಾ ತೋರಿಸಿದಷ್ಟಕ್ಕೇ ನಮ್ಮ ಕರುಣೆ ನಿಲ್ಲುತ್ತಿದೆ

ಖಾನಾಪುರದ ಮಿತ್ರರ ಮನಸ್ಸು ದೊಡ್ಡದು. ಚಹಾದಂಗಡಿಯಲ್ಲಿ ಲಾರಿಯ ಸುದ್ದಿ ಕೇಳಿದವರ ಮೇಲೆ ನನಗೂ ಆಕ್ಷೇಪಣೆಯಿಲ್ಲ. ಆದರೆ ಅವರು ಹೇಳಿದ ಶಿರೂರಿನಲ್ಲೇ ಅವರಿಗೆ ಕಾಣದೇ ಹೋದ ಜನರಿದ್ದಾರೆ.

ಹನ್ನೊಂದು ಜನರಲ್ಲಿ ನಮಗೆ ಗೊತ್ತಾದದ್ದು ಎಷ್ಟು ಮುಖ? ಹೆದ್ದಾರಿ ಪಕ್ಕ ಚಹಾ ಅಂಗಡಿ ಇಟ್ಟಿದ್ದ ಗಂಡ, ಹೆಂಡತಿ, ಅವರ ಇಬ್ಬರು ಮಕ್ಕಳು ಅದೇ ಮಣ್ಣಿನಲ್ಲಿ ಹೋದರು. ಗುಡ್ಡ ನದಿಗೆ ಬಿದ್ದ ರಭಸಕ್ಕೆ ನೀರು ಅಲೆಯಾಗಿ ಎದ್ದು ಆಚೆ ದಂಡೆಯ ಉಳುವರೆಯ ಮನೆಗಳನ್ನು ಕೆಡವಿತು. ಅಲ್ಲಿಯೂ ಜೀವ ಹೋಯಿತು. ಈ ಮನೆಗಳ ಮುಂದೆ ಎಷ್ಟು ವಾಹಿನಿಗಳ ಛತ್ರಿ ಬಿಚ್ಚಿಕೊಂಡಿತ್ತು? ಲಾರಿ ಮೇಲೆ ಬಂದ ಸೆಪ್ಟೆಂಬರ್ 25ರಂದು ಸ್ಥಳೀಯರಿಬ್ಬರು ಇನ್ನೂ ಸಿಕ್ಕಿರಲಿಲ್ಲ. ಆದರೆ ಅವತ್ತು ನೋಡುಗರ ಪಾಲಿಗೆ ಕಥೆ ಮುಗಿದಿತ್ತು. "ಲಾರಿ ಸಿಕ್ಕತೇನ್ರೀ?" ಎಂದವರು ಮರುದಿನ "ಉಳಿದಿಬ್ಬರು ಸಿಕ್ಕರೇನ್ರೀ?" ಎಂದು ಕೇಳಿದರೇ? ನನ್ನ ಓಣಿಯಲ್ಲಿ ಯಾರೂ ಕೇಳಲಿಲ್ಲ.

ಇನ್ನೊಂದು ಪ್ರಶ್ನೆ ಇದಕ್ಕಿಂತ ದೊಡ್ಡದು. ಮಳೆ ಜೋರಿತ್ತು ನಿಜ. ಆದರೆ ರಸ್ತೆ ಅಗಲ ಮಾಡಲು ಗುಡ್ಡದ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಆಧಾರ ಉಳಿಯುವುದಿಲ್ಲ. ನೀರು ಕುಡಿದು ಭಾರವಾದ ಮಣ್ಣು ಜಾರಲೇಬೇಕು. ಕಾರವಾರದಿಂದ ಭಟ್ಕಳದವರೆಗಿನ ಜನ ಇದನ್ನು ಮೊದಲಿಂದ ಹೇಳುತ್ತಲೇ ಇದ್ದರು. ಕ್ಯಾಮೆರಾ ನದಿಯ ಕಡೆ ತಿರುಗಿಕೊಂಡೇ ಇತ್ತು, ಗುಡ್ಡದ ಬುಡದ ಕಡೆ ತಿರುಗಿದ್ದು ಕಡಿಮೆ. ಕಡಿದವರು ಯಾರು, ಒಪ್ಪಿಗೆ ಕೊಟ್ಟವರು ಯಾರು ಎಂಬುದು ದಿನವಿಡೀ ತೋರಿಸುವ ದೃಶ್ಯವಲ್ಲವಲ್ಲ!

ಆ ಚಾಲಕನ ಮನೆಯ ಗತಿಯನ್ನೂ ನೋಡಿ. ಎರಡು ವರ್ಷದ ಕೂಸಿನ ಬಾಯಿಗೆ ಮೈಕು ಹಿಡಿದು ಅಪ್ಪನ ಬಗ್ಗೆ ಮಾತಾಡಿಸಿದ ಯೂಟ್ಯೂಬ್ ಚಾನೆಲ್ ಮೇಲೆ ಕೇರಳದ ಮಕ್ಕಳ ಹಕ್ಕುಗಳ ಆಯೋಗ ಪ್ರಕರಣ ದಾಖಲಿಸಬೇಕಾಯಿತು. ಅಂತ್ಯಸಂಸ್ಕಾರವಾಗಿ ಕೆಲವೇ ದಿನಗಳಲ್ಲಿ ಅದೇ ಮನೆಯವರ ಮೇಲೆ ಸಾಮಾಜಿಕ ಜಾಲತಾಣದಲ್ಲಿ ನಿಂದನೆಯ ಮಳೆ ಸುರಿಯಿತು. ಅವರು ಪೊಲೀಸರಿಗೆ ದೂರು ಕೊಟ್ಟರು. ನಿನ್ನೆಯವರೆಗೆ ಅವರಿಗಾಗಿ ಕಣ್ಣೀರಿಟ್ಟ ನೋಡುಗರೇ ಇಂದು ಅವರ ನಡತೆಗೆ ತೀರ್ಪು ಕೊಡತೊಡಗಿದರು. ತಿಂಗಳುಗಟ್ಟಲೆ ಒಂದು ಮನೆಯ ದುಃಖ ನೋಡಿದವನಿಗೆ ಆ ಮನೆಯ ಮೇಲೆ ತನಗೂ ಹಕ್ಕಿದೆ ಎನಿಸಿಬಿಡುತ್ತದೆ. ನೇರಪ್ರಸಾರದ ಈ ಗುಣಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಹೆದರುತ್ತೇನೆ.

1985ರ ನವೆಂಬರಿನಲ್ಲಿ ಕೊಲಂಬಿಯಾದ ಅರ್ಮೇರೊ ಪಟ್ಟಣವನ್ನು ಜ್ವಾಲಾಮುಖಿಯ ಕೆಸರು ನುಂಗಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಒಮೈರಾ ಸಾಂಚೆಸ್ ಎಂಬ 13 ವರ್ಷದ ಹುಡುಗಿ ಕುಸಿದ ಮನೆಯಡಿ ಕಾಲು ಸಿಕ್ಕಿ, ಕತ್ತಿನವರೆಗಿನ ನೀರಿನಲ್ಲಿ ಮೂರು ದಿನ ಮಾತಾಡುತ್ತಾ ಇದ್ದಳು. ಕ್ಯಾಮೆರಾ ಅವಳ ಹತ್ತಿರ ಹೋಗಿತ್ತು. ನೀರು ಎತ್ತುವ ಪಂಪು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಅವಳ ಫೋಟೊಗೆ ಜಗತ್ತಿನ ದೊಡ್ಡ ಪ್ರಶಸ್ತಿ ಬಂತು. ನೋಡುವವರಿದ್ದರೆ ಉಳಿಸುವವರು ಬಂದೇ ಬರುತ್ತಾರೆ ಎಂಬ ಮಿತ್ರರ ನಂಬಿಕೆಯನ್ನು ಅವಳ ಮುಂದೆ ಹೇಗೆ ಹೇಳಲಿ?

ನೋಡುವವನ ಮೈಮನಸ್ಸಿಗೂ ಪೆಟ್ಟಾಗುತ್ತದೆ. 2013ರ ಬೋಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ಅಮೆರಿಕದ ಸಂಶೋಧಕರು ಕಂಡ ಸಂಗತಿ ಇದು: ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಆ ಸುದ್ದಿಯನ್ನೇ ನೋಡಿದವರಲ್ಲಿ ಸ್ಥಳದಲ್ಲಿದ್ದವರಿಗಿಂತ ಹೆಚ್ಚಿನ ಮಾನಸಿಕ ಒತ್ತಡ ಕಂಡುಬಂದಿತ್ತು. 2011ರ ಸುನಾಮಿಯನ್ನು ಹೆಲಿಕಾಪ್ಟರಿನಿಂದ ನೇರ ತೋರಿಸಿದ ಜಪಾನಿನ ವಾಹಿನಿಗಳು ಈಗ ಆ ದೃಶ್ಯ ಹಾಕುವ ಮುನ್ನ ವೀಕ್ಷಕರಿಗೆ ಎಚ್ಚರಿಕೆ ಕೊಡುತ್ತವೆ. ನಮ್ಮಲ್ಲಿ ಶಿರೂರಿನ ಬೆನ್ನಿಗೇ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದಾಗ ಹಳೆಯ ವಿಡಿಯೊಗಳೂ ಹೊಸದೆಂದು ಹರಿದಾಡಿದವು. ಪ್ರಕೃತಿ ವಿಕೋಪದ ದೃಶ್ಯಗಳ ಮೇಲೆ ದಿನಾಂಕ, ಸಮಯ ಹಾಕಿ ಎಂದು ಕೇಂದ್ರ ವಾರ್ತಾ ಇಲಾಖೆ ಆ ಆಗಸ್ಟಿನಲ್ಲಿ ಟಿವಿ ವಾಹಿನಿಗಳಿಗೆ ಹೇಳಬೇಕಾಯಿತು.

ಕೊನೆಯದಾಗಿ, ಮಿತ್ರರ ಸ್ವಂತ ತಾಲೂಕಿನ ಮಾತು. ನಾವೆಲ್ಲ ಗಂಗಾವಳಿಯ ನೀರು ನೋಡುತ್ತಿದ್ದ ಅದೇ ಜುಲೈನಲ್ಲಿ ಭೀಮಗಡ ಕಾಡಿನೊಳಗಿನ ಆಮಗಾಂವದ ಹೆಣ್ಣುಮಗಳೊಬ್ಬಳಿಗೆ ಎದೆನೋವು ಬಂತು. ರಸ್ತೆಯಿಲ್ಲ, ಹಳ್ಳಕ್ಕೆ ಗಟ್ಟಿ ಸೇತುವೆಯಿಲ್ಲ. ಊರವರು ಕಟ್ಟಿಗೆಯ ಚಟ್ಟ ಕಟ್ಟಿ, ಮಳೆಯಲ್ಲಿ, ಕಾಡಿನ ದಾರಿಯಲ್ಲಿ ಮೈಲುಗಟ್ಟಲೆ ಹೊತ್ತು ತಂದರು. ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದರೂ ಆಕೆ ಉಳಿಯಲಿಲ್ಲ. ಅಲ್ಲಿ ಗುಡ್ಡ ಕುಸಿದಿರಲಿಲ್ಲ, ಹೆದ್ದಾರಿ ಇರಲಿಲ್ಲ, ನೇರಪ್ರಸಾರದ ವಾಹನ ಹೋಗುವ ದಾರಿಯೇ ಇರಲಿಲ್ಲ. ಪ್ರತಿ ಮಳೆಗಾಲದಲ್ಲೂ ಆ ಊರುಗಳಿಗೆ ಇದೇ ವಿಪತ್ತು. ನೇರಪ್ರಸಾರಕ್ಕೆ ಒಗ್ಗಿದ ಕಣ್ಣು ಒಂದೇ ದಿನದಲ್ಲಿ ಬೀಳುವ ಗುಡ್ಡವನ್ನು ಕಾಣುತ್ತದೆ, ವರ್ಷ ವರ್ಷ ಬೀಳುತ್ತಲೇ ಇರುವ ಊರನ್ನು ಕಾಣುವುದಿಲ್ಲ.

ಪರದವರ ಮರುಮಾತು

ಆಮಗಾಂವದ ಮಾತು ನನಗೆ ನಾಟಿದೆ. ನಮ್ಮ ತಾಲೂಕಿನದ್ದನ್ನು ಬೆಳಗಾವಿಯವರ ಬಾಯಿಂದ ಕೇಳಬೇಕಾಯಿತು. ಕೂಸಿನ ಮುಂದೆ ಮೈಕು ಹಿಡಿದದ್ದನ್ನೂ ನಾನು ಸಮರ್ಥಿಸುವುದಿಲ್ಲ. ಆದರೆ ಒಂದು ಕೇಳುತ್ತೇನೆ: ಬೆಳಗಾವಿಯವರಿಗೆ ಆಮಗಾಂವ ಗೊತ್ತಾದದ್ದು ಹೇಗೆ? ಆ ಚಟ್ಟ ಹೊತ್ತು ನಡೆದ ದೃಶ್ಯವನ್ನು ಯಾರೋ ಮೊಬೈಲಿನಲ್ಲಿ ತೆಗೆದು ಕಳಿಸಿದ್ದರಿಂದ. ಭೀಮಗಡದ ಊರುಗಳ ಸ್ಥಳಾಂತರದ ಮಾತು ಬಿಸಿಯೇರಿದ್ದೂ ಅದರ ನಂತರ. ಆ ಊರುಗಳಲ್ಲೊಂದಾದ ತಳೇವಾಡಿಯವರಿಗೆ ಪರಿಹಾರ ಕೊಡುವ ಕೆಲಸ ಆಮೇಲೆ ಶುರುವಾಯಿತು. ನೋಡಬೇಡಿ ಎಂದರೆ ಆ ವಿಡಿಯೊಗೂ ಕಣ್ಣು ಮುಚ್ಚಿದಂತೆ.

ಹಾಗಾಗಿ ಓದುಗರಲ್ಲಿ ನನ್ನದೊಂದು ಕೋರಿಕೆ. ನೋಡಿ, ಆದರೆ ನೋಡಿದ ಮೇಲೆ ಕೇಳಿ. ಶಿರೂರಿನ ಗುಡ್ಡ ಕಡಿದವರ ತನಿಖೆ ಎಲ್ಲಿಗೆ ಬಂತೆಂದು ಉತ್ತರ ಕನ್ನಡದ ಪ್ರತಿನಿಧಿಗಳನ್ನು ಕೇಳಿ. ಆಮಗಾಂವ, ಗವ್ವಾಳಿ, ಪಾಸ್ಟೋಲಿಯ ಜನಕ್ಕೆ ಮುಂದಿನ ಮಳೆಯೊಳಗೆ ಸೇತುವೆಯೋ ಸ್ಥಳಾಂತರವೋ, ಎರಡರಲ್ಲಿ ಯಾವುದನ್ನು ಕೊಡುತ್ತೀರಿ ಎಂದು ಖಾನಾಪುರದ ತಹಶೀಲ್ದಾರರಿಗೆ, ಶಾಸಕರಿಗೆ, ಬೆಳಗಾವಿಯ ಜಿಲ್ಲಾಧಿಕಾರಿಗಳಿಗೆ ಅರ್ಜಿ ಬರೆಯಿರಿ. ನಾನು ಬರೆಯುತ್ತಿದ್ದೇನೆ. ವಿರೋಧವಾಗಿ ಬರೆದ ಬೆಳಗಾವಿಯ ಮಿತ್ರರೂ ಅದಕ್ಕೆ ಸಹಿ ಹಾಕಲಿ.