ರಾಗಿಯ ಬೆಂಕಿ ರೋಗವೂ ಒಂದೇ ತಳಿಯ ನೆಚ್ಚಿಕೆಯೂ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸುತ್ತಲಿನ ಎಷ್ಟೋ ರಾಗಿಯ ಹೊಲಗಳಲ್ಲಿ ಇಂದು ಕಟ್ಟಡಗಳೆದ್ದಿವೆ. ಆನೇಕಲ್, ಹೊಸಕೋಟೆ ಸೀಮೆಗಳಲ್ಲಿ ಉಳಿದಿರುವ ಹೊಲಗಳಿಗಾದರೋ ಬೆಂಕಿ ರೋಗದ ಭಯ ತಪ್ಪಿದ್ದಲ್ಲ. ತೆನೆಯ ಕುತ್ತಿಗೆಗೆ ಈ ರೋಗವು ತಗುಲಿದರೆ ಕಾಳು ಜೊಳ್ಳಾಗುವುದು.

ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಿದ್ಧವಾದ ಜಿ.ಪಿ.ಯು. 28 ತಳಿಯು ಈ ರೋಗವನ್ನು ತಡೆದು ರೈತರಿಗೆ ಮಹೋಪಕಾರ ಮಾಡಿದೆ. ಆದರೆ ಅದೊಂದನ್ನೇ ಎಂದೆಂದಿಗೂ ನೆಚ್ಚಿ ಕೂರುವುದು ವಿವೇಕವಲ್ಲ. ಕಾರಣವೇನೆಂದರೆ, ರೋಗವನ್ನುಂಟುಮಾಡುವ ಶಿಲೀಂಧ್ರದಲ್ಲಿ ಎರಡು ಕೂಟವರ್ಗಗಳುಂಟು. ಭಿನ್ನವರ್ಗದವೆರಡು ಕೂಡಿದಾಗ ವಂಶವಾಹಿಗಳು ಬೆರೆತು, ಮೂಲದ ಎರಡರಲ್ಲಿಯೂ ಇಲ್ಲದ ಜೋಡಣೆಯ ಸಂತತಿ ಹುಟ್ಟುವುದು. ರಾಗಿಯ ಶಿಲೀಂಧ್ರವು ಹೀಗೆ ಕೂಡುವುದನ್ನು ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ. ಕೂಟವಿಲ್ಲದೆಯೂ ವಂಶವಾಹಿಗಳು ಆಕಸ್ಮಿಕವಾಗಿ ಮಾರ್ಪಡುವುದುಂಟು. ಅಂತಹ ಸಂತತಿಯೊಂದು ತಳಿಯ ನಿರೋಧಶಕ್ತಿಯನ್ನು ಮೀರಿದರೆ, ಊರೆಲ್ಲ ಒಂದೇ ತಳಿಯಿರುವಲ್ಲಿ ರೋಗವು ಹೊಲದಿಂದ ಹೊಲಕ್ಕೆ ತಡೆಯಿಲ್ಲದೆ ಹಬ್ಬುವುದು.

ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ರೋಗನಿರೋಧಕ ತಳಿಗಳಲ್ಲಿ ಎರಡು ಮೂರನ್ನಾದರೂ ಹೊಲಗಳಿಗೆ ಹಂಚಿ ಬಿತ್ತಿಸತಕ್ಕದ್ದು. ರೋಗ ಬಿದ್ದ ಹೊಲದ ರಾಗಿಯನ್ನು ಬಿತ್ತನೆಗೆ ಇಡಕೂಡದು. ನಿರೋಧಕ ತಳಿಯಲ್ಲಿಯೂ ರೋಗ ಕಂಡರೆ ಕೂಡಲೆ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸತಕ್ಕದ್ದು. ಒಬ್ಬನ ಹೊಲದ ಉದಾಸೀನವು ಊರಿನವರೆಲ್ಲರ ಕಣಜಕ್ಕೂ ನಷ್ಟವೆಂಬುದನ್ನು ಮರೆಯಲಾಗದು.